ಇಟಾವಾದ ಗೋಧಿ, ಆಸ್ಟ್ರೇಲಿಯಾದ ಬರ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆಯ ನೋಟು, ನಾಣ್ಯಗಳನ್ನು ಕೂಡಿಡುವ ಹವ್ಯಾಸದವನು. ಅವನು ಕಳುಹಿಸಿದ ಚಿತ್ರಗಳಲ್ಲಿ ಆ ದೇಶದ ಎರಡು ಡಾಲರಿನ ಕಾಗದದ ನೋಟೂ ಇತ್ತು. 1966ರಲ್ಲಿ ಚಲಾವಣೆಗೆ ಬಂದು, 1988ರಲ್ಲಿ ನಾಣ್ಯಕ್ಕೆ ಸ್ಥಾನ ಬಿಟ್ಟುಕೊಟ್ಟ ನೋಟು ಅದು. ಒಂದು ಬದಿಯಲ್ಲಿ ಕುರಿ ಸಾಕಣೆಯ ಪ್ರವರ್ತಕ ಜಾನ್ ಮೆಕಾರ್ಥರ್. ಇನ್ನೊಂದು ಬದಿಯಲ್ಲಿ ಗೋಧಿಯ ತೆನೆಗಳೊಡನೆ ಗಡ್ಡಧಾರಿಯೊಬ್ಬರು. “ಸರ್, ಈ ಗಡ್ಡದವರು ಯಾರು? ರಾಜರೂ ಅಲ್ಲ, ಮಂತ್ರಿಗಳೂ ಅಲ್ಲ” ಎಂದು ಕೇಳಿದ್ದ. ಉತ್ತರ ಒಂದು ಪತ್ರದಲ್ಲಿ ಹಿಡಿಯುವಷ್ಟು ಚಿಕ್ಕದಲ್ಲ. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಆದ್ದರಿಂದ ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಅವರ ಹೆಸರು ವಿಲಿಯಂ ಫಾರರ್. 1845ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಓದಿ, ಕ್ಷಯರೋಗದ ಕಾರಣ ಒಣಹವೆಯನ್ನು ಅರಸಿ 1870ರಲ್ಲಿ ಆಸ್ಟ್ರೇಲಿಯಾ ತಲುಪಿದರು. ಕೆಲಕಾಲ ಮಕ್ಕಳಿಗೆ ಮನೆಪಾಠ ಹೇಳಿದರು (ಈ ಒಂದು ಕಾರಣಕ್ಕೇ ನನಗೆ ಅವರಲ್ಲಿ ತುಸು ಪಕ್ಷಪಾತ), ಭೂಮಾಪಕರಾಗಿ ದುಡಿದರು. ಆಮೇಲೆ, ಇಂದಿನ ಕ್ಯಾನ್ಬೆರಾ ನಗರಕ್ಕೆ ಸಮೀಪದ ಲ್ಯಾಂಬ್ರಿಗ್ ಎಂಬಲ್ಲಿ ಜಮೀನು ಮಾಡಿಕೊಂಡು ಗೋಧಿಯ ಸಂಕರಣದಲ್ಲಿ ತೊಡಗಿದರು. ವಸಾಹತಿಗರು ಯುರೋಪಿನಿಂದ ತಂದಿದ್ದ ಗೋಧಿಗಳು ಆ ನೆಲದಲ್ಲಿ ತಡವಾಗಿ ಮಾಗುತ್ತಿದ್ದವು. ಇಂಗ್ಲೆಂಡಿನ ದೀರ್ಘವೂ ತಂಪೂ ಆದ ಬೇಸಿಗೆಗೆ ಒಗ್ಗಿಕೊಂಡ ಬೆಳೆಗೆ ಅವಸರವೇ ತಿಳಿಯದು. ಆಸ್ಟ್ರೇಲಿಯಾದಲ್ಲಿಯೋ ಮಳೆ ನಿಂತು ಬಿಸಿಲು ಏರುವ ಹೊತ್ತಿಗೆ ಅದು ಇನ್ನೂ ಹಾಲುಗಾಳಿನ ಹಂತದಲ್ಲಿರುತ್ತಿತ್ತು. ಹಾಗೆ ಹಿಂದುಳಿದ ಪೈರನ್ನು ಒಂದೋ ತುಕ್ಕು ರೋಗ ತಿನ್ನುತ್ತಿತ್ತು, ಇಲ್ಲವೇ ಬಿಸಿಗಾಳಿ ಒಣಗಿಸುತ್ತಿತ್ತು.

ಇಲ್ಲಿ ಗೋಧಿಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನೆಲದಲ್ಲಿ ಹಸಿ ಕಡಿಮೆಯಾದಂತೆ ಬೇರು ಎಲೆಗೆ ರಾಸಾಯನಿಕ ಸಂದೇಶವೊಂದನ್ನು ಕಳುಹಿಸುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಆವಿಯಾಗುವುದು ತಪ್ಪುತ್ತದೆ, ನಿಜ. ಆದರೆ ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ಬಾಗಿಲಿನಿಂದ. ಬಾಯಾರಿಕೆಯನ್ನು ತಪ್ಪಿಸಿಕೊಳ್ಳಲು ಗಿಡ ಹಸಿವನ್ನು ಒಪ್ಪಿಕೊಳ್ಳುತ್ತದೆ. ಎಲೆಗಳು ಸುರುಳಿ ಸುತ್ತಿಕೊಳ್ಳುತ್ತವೆ, ತೆಂಡೆಗಳಲ್ಲಿ ಕೆಲವು ಒಣಗಿಹೋಗುತ್ತವೆ, ಉಳಿದ ಕಸುವು ಮುಖ್ಯ ತೆನೆಗೆ ಮೀಸಲಾಗುತ್ತದೆ. ಬರ ಯಾವಾಗ ಬಂತೆಂಬುದು ಎಷ್ಟು ಬಂತೆಂಬುದರಷ್ಟೇ ಮುಖ್ಯ. ಪರಾಗ ರೂಪುಗೊಳ್ಳುವ ಕೆಲವೇ ದಿನಗಳಲ್ಲಿ ನೀರಿನ ಕೊರತೆಯಾದರೆ ಪರಾಗವೇ ನಿಸ್ಸಾರವಾಗಿ ಕಾಳು ಕಟ್ಟುವುದಿಲ್ಲ. ಕಾಳು ತುಂಬುವಾಗ ಕೊರತೆಯಾದರೆ ಗಿಡ ತನ್ನ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ತೆನೆಗೆ ಸಾಗಿಸಿ ಹೇಗೋ ಸಂಸಾರ ತೂಗಿಸುತ್ತದೆ. ಅದೂ ಸಾಲದಾದಾಗ ಕಾಳು ಜೊಳ್ಳಾಗುತ್ತದೆ.

ಬರವನ್ನು ಎದುರಿಸಿ ನಿಲ್ಲುವುದು ಒಂದು ದಾರಿ. ಬರ ಬರುವ ಮೊದಲೇ ಕೆಲಸ ಮುಗಿಸಿಬಿಡುವುದು ಇನ್ನೊಂದು. ಭಾರತದ ನಾಟಿ ಗೋಧಿಗಳು ಎರಡನೆಯ ವಿದ್ಯೆಯಲ್ಲಿ ಪಳಗಿದವು. ಗಂಗಾ ಬಯಲಿನಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತಿದ ಗೋಧಿಗೆ ಸಿಗುವುದು ಚಳಿಗಾಲದ ಕೆಲವೇ ತಿಂಗಳು. ಏಪ್ರಿಲ್ಲಿನ ‘ಲೂ’ ಎಂಬ ಬಿಸಿಗಾಳಿ ಏಳುವುದರೊಳಗೆ ತೆನೆ ಮಾಗಿರಬೇಕು. ತಡ ಮಾಡಿದ ಗಿಡದ ಕಾಳು ಬೀಜಕ್ಕೆ ಉಳಿಯಲಿಲ್ಲ. ಬೇಗ ಮಾಗಿದ್ದನ್ನು ರೈತ ಮಡಕೆಯಲ್ಲಿ ಕಟ್ಟಿಟ್ಟು ಮರುವರ್ಷ ಬಿತ್ತಿದ. ಹೀಗೆ ಶತಮಾನಗಳ ಕಾಲ ಹೊಲದಲ್ಲಿ ನಡೆದ ಆಯ್ಕೆಗೆ ಕರ್ತೃವಿನ ಹೆಸರಿಲ್ಲ.

ಫಾರರ್ ಅನೇಕ ದೇಶಗಳಿಂದ ಬೀಜ ತರಿಸಿಕೊಂಡರು. ಭಾರತದಿಂದ ಹೋದವುಗಳಲ್ಲಿ ಒಂದರ ಹೆಸರು ‘ಇಟಾವಾ’. ಇಂದಿನ ಉತ್ತರ ಪ್ರದೇಶದ ಯಮುನಾ ತೀರದ ಜಿಲ್ಲೆಯ ಹೆಸರದು. ಅದನ್ನು ಅವರು ಕೆನಡಾ ಮೂಲದ, ರೊಟ್ಟಿಗೆ ಹೇಳಿಮಾಡಿಸಿದ ಫೈಫ್ ಗೋಧಿಯೊಡನೆ ಕೂಡಿಸಿ ‘ಯಂಡಿಲ್ಲ’ ಎಂಬ ತಳಿಯನ್ನು ಪಡೆದರು. ಯಂಡಿಲ್ಲವನ್ನು ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿದ್ದ ‘ಪರ್ಪಲ್ ಸ್ಟ್ರಾ’ದೊಡನೆ ಕೂಡಿಸಿ ಪಡೆದದ್ದು ‘ಫೆಡರೇಷನ್’. ವಸಾಹತುಗಳು ಒಂದಾಗಿ ಆಸ್ಟ್ರೇಲಿಯಾ ಒಕ್ಕೂಟವಾದ 1901ರಲ್ಲಿ ಅದು ಬಿಡುಗಡೆಯಾಯಿತು. ಹೆಸರೂ ಆ ಸಂದರ್ಭದ್ದೇ. ಬೇಗ ಮಾಗುವ, ದಂಟು ಗಟ್ಟಿಯಾಗಿ ನೆಟ್ಟಗೆ ನಿಲ್ಲುವ, ಅಲ್ಲಿಯ ಕೊಯ್ಲು ಯಂತ್ರಕ್ಕೆ ಸುಲಭವಾಗಿ ದಕ್ಕುವ ಗೋಧಿ. 1910ರಿಂದ ಸುಮಾರು 1925ರವರೆಗೆ ಆ ದೇಶದಲ್ಲಿ ಅತ್ಯಂತ ವಿಸ್ತಾರವಾಗಿ ಬೆಳೆದ ತಳಿ ಅದೇ. ಫಾರರ್ ಅದನ್ನು ನೋಡಲು ಇರಲಿಲ್ಲ, 1906ರಲ್ಲಿಯೇ ತೀರಿಕೊಂಡಿದ್ದರು.

ಫೆಡರೇಷನ್ ಗೋಧಿ ಹೊರಬಂದ ಕಾಲವೂ ಎಂಥದು! 1895ರ ಸುಮಾರಿಗೆ ಆರಂಭವಾಗಿ 1903ರವರೆಗೆ ಎಳೆದ ಬರವನ್ನು ಆ ದೇಶದ ಚರಿತ್ರೆಕಾರರು ‘ಫೆಡರೇಷನ್ ಬರ’ ಎಂದೇ ಕರೆಯುತ್ತಾರೆ. 1892ರಲ್ಲಿ ಹತ್ತು ಕೋಟಿಗೂ ಮಿಕ್ಕಿದ್ದ ಕುರಿಗಳ ಸಂಖ್ಯೆ 1903ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 1902ರ ಗೋಧಿ ಬೆಳೆ ಬಹುಮಟ್ಟಿಗೆ ಕೈತಪ್ಪಿತು. ಈಗ ನಮ್ಮ ಕಡೆ ನೋಡಿ. 1896–97 ಮತ್ತು 1899–1900 ಭಾರತದ ಎರಡು ಘೋರ ಕ್ಷಾಮಗಳ ವರ್ಷಗಳು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರದ ಸೀಮೆಯೂ ಅವುಗಳಲ್ಲಿ ನರಳಿತು.

ಇದು ಕಾಕತಾಳೀಯವಲ್ಲ. ದಕ್ಷಿಣ ಆಸ್ಟ್ರೇಲಿಯಾದ ಸರಕಾರಿ ಖಗೋಳಜ್ಞ ಚಾರ್ಲ್ಸ್ ಟಾಡ್, ಭಾರತದ ಬರಗಳೂ ಆಸ್ಟ್ರೇಲಿಯಾದ ಬರಗಳೂ ಜೊತೆಜೊತೆಯಾಗಿ ಬರುತ್ತವೆಂದು 1888ರಲ್ಲಿಯೇ ಗುರುತಿಸಿದ್ದರು. ಮುಂದೆ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು, ಮುಂಗಾರಿನ ಗುಟ್ಟನ್ನು ಹುಡುಕುತ್ತ ಹಿಂದೂ ಮಹಾಸಾಗರ, ಶಾಂತ ಸಾಗರಗಳ ಮೇಲಿನ ವಾಯುಭಾರ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು ಕಂಡರು. ಇಂದು ನಾವು ಎಲ್ ನಿನೋ ಎಂದು ಪತ್ರಿಕೆಗಳಲ್ಲಿ ಓದುವ ವಿದ್ಯಮಾನದ ಅರ್ಧ ಭಾಗ ಅದು. ಒಂದೇ ತಕ್ಕಡಿ ಎರಡೂ ನಾಡುಗಳನ್ನು ಒಣಗಿಸುತ್ತಿದ್ದ ಕಾಲದಲ್ಲಿ ಒಂದು ನಾಡಿನ ಬೀಜ ಇನ್ನೊಂದಕ್ಕೆ ಆಸರೆಯಾಯಿತು. ನಾನು ತರಗತಿಯಲ್ಲಿ ಕ್ಷಾಮಗಳ ಪಾಠ ಮಾಡುವಾಗ ಪಠ್ಯಪುಸ್ತಕದಲ್ಲಿ ಆಯೋಗಗಳ ಹೆಸರುಗಳಿದ್ದವು. ಬೀಜದ ಮಾತೇ ಇರಲಿಲ್ಲ.

ಕೆನಡಾದ ಪ್ರಸಿದ್ಧ ‘ಮಾರ್ಕ್ವಿಸ್’ ಗೋಧಿಯ ತಾಯಿಯೂ ನಮ್ಮದೇ, ‘ಹಾರ್ಡ್ ರೆಡ್ ಕಲ್ಕತ್ತಾ’. ಅಲ್ಲಿ ತಪ್ಪಿಸಿಕೊಳ್ಳಬೇಕಾದದ್ದು ಬಿಸಿಲಿನಿಂದಲ್ಲ, ಹಿಮದಿಂದ. ಬೇಗ ಮಾಗುವ ಗುಣ ಅಲ್ಲಿಯೂ ಕೈಹಿಡಿಯಿತು.

ಇಪ್ಪತ್ತನೆಯ ಶತಮಾನದ ನಡುವಿಗೆ ಕಥೆ ತಿರುವು ಪಡೆಯುತ್ತದೆ. ಜಪಾನಿನಲ್ಲಿ 1935ರಲ್ಲಿ ಹೊರಬಂದ ‘ನೋರಿನ್ 10’ ಎಂಬ ಗಿಡ್ಡ ಗೋಧಿ ಅಮೆರಿಕದ ಮೂಲಕ ಮೆಕ್ಸಿಕೋದ ನಾರ್ಮನ್ ಬೋರ್ಲಾಗ್ ಅವರ ಕೈ ಸೇರಿತು. ಭಾರತದಲ್ಲಿ 1965, 1966 ಎರಡೂ ವರ್ಷ ಮುಂಗಾರು ಕೈಕೊಟ್ಟಿತು. ನನ್ನ ಓರಗೆಯವರಿಗೆ ಪಡಿತರದ ಅಮೆರಿಕನ್ ಕೆಂಪು ಗೋಧಿಯ ರುಚಿ ಇನ್ನೂ ನೆನಪಿರಬೇಕು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬೀಜ ತರಿಸಲಾಯಿತು. 1964–65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಉತ್ಪಾದನೆ 1967–68ರಲ್ಲಿ 1.6 ಕೋಟಿ ದಾಟಿತು. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಹಸಿವನ್ನು ಕಂಡವರು ಹಸಿರು ಕ್ರಾಂತಿಯನ್ನು ಸುಲಭವಾಗಿ ಜರೆಯಲಾರರು. ಆದರೆ ಒಂದು ಮಾತು ಹೇಳಲೇಬೇಕು: ಆ ಗೆಲುವು ಕಾಲುವೆ ಮತ್ತು ಕೊಳವೆಬಾವಿಗಳ ನೀರಿನ ಮೇಲೆ ನಿಂತಿತ್ತು. ಬರವನ್ನು ಗೋಧಿ ಗೆಲ್ಲಲಿಲ್ಲ, ಪಂಪ್‌ಸೆಟ್ಟು ಮರೆಮಾಡಿತು. ನೀರಿಲ್ಲದ ಹೊಲದ ಪ್ರಶ್ನೆ ಇದ್ದಲ್ಲಿಯೇ ಇತ್ತು. 1965ರಲ್ಲಿ ಬಂದ ‘ಸಿ 306’ ಎಂಬ ಎತ್ತರದ ದೇಸಿ ಮಾದರಿಯ ಗೋಧಿ ಮಳೆಯಾಶ್ರಿತ ಹೊಲಗಳಲ್ಲಿ ದಶಕಗಳ ಕಾಲ ಉಳಿದುಕೊಂಡದ್ದೂ, ಬರ ತಾಳಿಕೆಯ ಪರೀಕ್ಷೆಗಳಲ್ಲಿ ಇಂದಿಗೂ ಹೋಲಿಕೆಯ ಅಳತೆಗೋಲಾಗಿರುವುದೂ ಇದೇ ಕಾರಣಕ್ಕೆ.

ಗಿಡ್ಡ ಗೋಧಿಗೆ ಇನ್ನೊಂದು ಮಿತಿಯಿದೆ. ಮೊಳಕೆಯನ್ನು ಹೊದ್ದು, ಮಣ್ಣನ್ನು ಸೀಳಿ ಮೇಲೇರುವ ಎಳೆಯ ಕವಚವೊಂದು ಬೀಜದಿಂದ ಹೊರಡುತ್ತದೆ. ದಂಟನ್ನು ಗಿಡ್ಡ ಮಾಡಿದ ವಂಶವಾಹಿಯೇ ಈ ಕವಚವನ್ನೂ ಗಿಡ್ಡ ಮಾಡಿತು. ಆಳದಲ್ಲಿ ಬಿತ್ತಿದರೆ ಮೊಳಕೆ ಬೆಳಕು ಕಾಣದೆ ಮಣ್ಣಿನಲ್ಲಿಯೇ ಸಾಯುತ್ತದೆ. ಕಾಲುವೆಯ ನೀರು ಇರುವವರಿಗೆ ಇದು ಚಿಂತೆಯಲ್ಲ. ನಮ್ಮ ಉತ್ತರ ಕರ್ನಾಟಕದ ಎರೆ ಹೊಲಕ್ಕೆ ಚಿಂತೆಯೇ. ಇಲ್ಲಿ ಹಿಂಗಾರಿ ಗೋಧಿ ಬೆಳೆಯುವುದು ಮೇಲಿನಿಂದ ಬೀಳುವ ಮಳೆಯಿಂದಲ್ಲ, ಕಪ್ಪು ಮಣ್ಣು ಮಳೆಗಾಲದಲ್ಲಿ ಕುಡಿದು ಹೊಟ್ಟೆಯಲ್ಲಿಟ್ಟುಕೊಂಡ ಹಸಿಯಿಂದ. ಮೇಲ್ಪದರ ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ. ಕೂರಿಗೆಯ ತಾಳು ಬೀಜವನ್ನು ಆ ಹಸಿಗೆ ಮುಟ್ಟಿಸಬೇಕು. ಪೈರಿನ ಸಾಲುಗಳ ನಡುವೆ ಎಡೆ ಹೊಡೆದು ಬಿರುಕು ಮುಚ್ಚಿಸುವುದೂ ಆ ಹಸಿ ಆರದಿರಲೆಂದೇ. ‘ಬಿಜಗಾ ಯೆಲ್ಲೋ’ದಂಥ ಎತ್ತರದ ತಳಿಗಳು ಈ ಪದ್ಧತಿಗೆ ಹೊಂದಿಕೊಂಡವು.

ಇದೇ ಕವಚದ ವಿಚಾರ ಈಗ ಆಸ್ಟ್ರೇಲಿಯಾದ ವಿಜ್ಞಾನಿಗಳ ಮುಂದಿದೆ. ದಂಟು ಗಿಡ್ಡವಾಗಿದ್ದೂ ಕವಚ ಉದ್ದವಾಗಿರುವಂಥ ಬೇರೆ ವಂಶವಾಹಿಗಳನ್ನು ಅವರು ಗೋಧಿಗೆ ಸೇರಿಸಿ, ಹತ್ತು ಸೆಂಟಿಮೀಟರಿಗೂ ಆಳದಲ್ಲಿ ಬಿತ್ತಿ ನೋಡುತ್ತಿದ್ದಾರೆ. ಇಂಥ ತಳಿಯನ್ನು ಆಳದಲ್ಲಿ ಬಿತ್ತಿದರೆ ಆ ದೇಶದ ಇಳುವರಿ ಶೇ. 18ರಿಂದ 20ರಷ್ಟು ಹೆಚ್ಚಬಹುದೆಂದು 2022ರಲ್ಲಿ ಪ್ರಕಟವಾದ ಗಣಕಯಂತ್ರದ ಲೆಕ್ಕಾಚಾರವೊಂದು ಹೇಳಿತು. ಹೊಲದಲ್ಲಿ ಅಷ್ಟು ದಕ್ಕೀತೇ ಎಂಬುದು ಬೇರೆ ಮಾತು. ಕೂರಿಗೆ ಹಿಡಿದವರಿಗೆ ಮಾತ್ರ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ.

ಹವಾಮಾನದ ಬದಲಾವಣೆ ಇಡೀ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದೆ. ನೀರಿನ ಕೊರತೆಯನ್ನು ನೀರಾವರಿ ತುಂಬೀತು, ಶಾಖವನ್ನು ಯಾವ ಕಾಲುವೆ ತಣಿಸೀತು? ಬಿಸಿ ಹೆಚ್ಚಿದಂತೆ ಗೋಧಿ ತನ್ನ ಆಯುಸ್ಸನ್ನು ತಾನೇ ಮೊಟಕು ಮಾಡಿಕೊಂಡು, ಕಾಳು ತುಂಬುವ ದಿನಗಳನ್ನು ಕಡಿಮೆ ಮಾಡುತ್ತದೆ. ತಾಪಮಾನ ಒಂದು ಡಿಗ್ರಿ ಏರಿದರೆ ಜಗತ್ತಿನ ಗೋಧಿ ಉತ್ಪಾದನೆ ಸುಮಾರು ಶೇ. 6ರಷ್ಟು ಕುಸಿಯುವುದೆಂದು 2015ರ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಗಿಡಕ್ಕೆ ಸ್ವಲ್ಪ ಲಾಭವೂ ಉಂಟು. ಆದರೆ ಹಾಗೆ ಬೆಳೆದ ಕಾಳಿನಲ್ಲಿ ಪ್ರೋಟೀನಿನ ಅಂಶ ತಗ್ಗುತ್ತದೆ. 2022ರ ಮಾರ್ಚ್, ಭಾರತದಲ್ಲಿ 1901ರಿಂದೀಚೆಗೆ ದಾಖಲಾದ ಅತ್ಯಂತ ಬಿಸಿಯ ಮಾರ್ಚ್ ಆಗಿತ್ತು. ಪಂಜಾಬ, ಹರಿಯಾಣಗಳಲ್ಲಿ ನೀರಿದ್ದೂ ಕಾಳು ಸುಕ್ಕುಗಟ್ಟಿತು. ಫೆಬ್ರುವರಿಯಲ್ಲಿ 11.1 ಕೋಟಿ ಟನ್ ಎಂದಿದ್ದ ಸರಕಾರದ ಅಂದಾಜು ಮೇ ತಿಂಗಳಲ್ಲಿ 10.6 ಕೋಟಿಗೆ ಇಳಿಯಿತು. ಆ ವರ್ಷದ ಮೇ 13ರಂದು ಗೋಧಿಯ ರಫ್ತನ್ನೇ ನಿಷೇಧಿಸಲಾಯಿತು. ನಮ್ಮ ಹಿಂದಿನವರು ‘ಲೂ’ ಏಳುವ ಮೊದಲೇ ಮಾಗುವ ಗಿಡವನ್ನು ಆರಿಸಿದ್ದರು. ಈಗ ಬಿಸಿಗಾಳಿಯೇ ತಿಂಗಳು ಮೊದಲು ಬರತೊಡಗಿದರೆ ಅದಕ್ಕೂ ಮೊದಲೇ ಮಾಗುವ ಗಿಡ ಬೇಕು. ಆದರೆ ತೀರಾ ಬೇಗ ಮಾಗಿದರೆ ಇಳುವರಿ ಇಲ್ಲ. ಈ ಇಕ್ಕಟ್ಟಿಗೆ ಸುಲಭದ ಉತ್ತರ ಯಾರ ಬಳಿಯೂ ಇಲ್ಲ.

ಉತ್ತರ ಹುಡುಕುವವರು ಮತ್ತೆ ಹಳೆಯ ಮಡಕೆಗಳತ್ತಲೇ ಹೋಗುತ್ತಿದ್ದಾರೆ. ಆರ್ಥರ್ ವಾಟ್ಕಿನ್ಸ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1920–30ರ ದಶಕಗಳಲ್ಲಿ ಭಾರತವೂ ಸೇರಿದಂತೆ 32 ದೇಶಗಳ ನಾಟಿ ಗೋಧಿಗಳನ್ನು ತರಿಸಿ ಕೂಡಿಟ್ಟರು. ಅವುಗಳಲ್ಲಿ ಉಳಿದುಬಂದ 827 ಬಗೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2024ರಲ್ಲಿ ಹೇಳಿದ್ದು ಇದು: ಆ ಸಂಗ್ರಹದಲ್ಲಿ ವಂಶಮೂಲದ ಏಳು ಗುಂಪುಗಳಿವೆ, ಇಂದಿನ ತಳಿಗಳು ಬಂದಿರುವುದು ಅವುಗಳಲ್ಲಿ ಎರಡರಿಂದ ಮಾತ್ರ. ಉಳಿದ ಐದು ಗುಂಪುಗಳು ಒಬ್ಬ ಮನುಷ್ಯನ ಪತ್ರವ್ಯವಹಾರದ ಶ್ರದ್ಧೆಯಿಂದ ಉಳಿದವು.

ನಮ್ಮಲ್ಲಿ ಉಳಿದದ್ದು ಜವೆ ಗೋಧಿ. ಉತ್ತರದ ಬಯಲು ಗೋಧಿಗಿಂತ ಎಷ್ಟೋ ಪ್ರಾಚೀನವಾದ ಈ ಬಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಈಗಲೂ ಹೊಲದಲ್ಲಿದೆ. ಬಿಸಿಯನ್ನೂ ತುಕ್ಕು ರೋಗವನ್ನೂ ತಾಳಿಕೊಳ್ಳುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ಜವೆ ತಳಿಗಳನ್ನೂ ಕೊಟ್ಟಿದ್ದಾರೆ. ತೆನೆಯಿಂದ ಬೇರ್ಪಟ್ಟರೂ ಅದರ ಕಾಳು ಸಿಪ್ಪೆ ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ಈ ರಗಳೆಗಾಗಿಯೇ ಅನೇಕರು ಅದನ್ನು ಕೈಬಿಟ್ಟರು. ಹಾಗಿದ್ದೂ ಕೈಬಿಡದವರು ಉಳಿಸಿಕೊಂಡದ್ದು ಬರದ ಲೆಕ್ಕ ಹಾಕಿ ಅಲ್ಲ, ಹುಗ್ಗಿಯ ರುಚಿಗಾಗಿ. ಈಗ ಸಕ್ಕರೆ ಕಾಯಿಲೆಯವರೂ ಅದನ್ನು ಕೇಳಿಕೊಂಡು ಬರುತ್ತಿದ್ದಾರೆ, ಬೆಲೆಯೂ ಸಾಮಾನ್ಯ ಗೋಧಿಗಿಂತ ಹೆಚ್ಚು ಸಿಗುತ್ತಿದೆ.