ಆಕಾಶದ ಸೊಪ್ಪಿನಬೆಟ್ಟ

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳುತ್ತ ಬಂದಿದ್ದಾರೆ. ನೆಲವನ್ನು ಅಳೆದು ಗಡಿಕಲ್ಲು ನೆಟ್ಟವರುಂಟು. ನೀರಿಗೆ ಕಾಲುವೆ ತೋಡಿ ಸರದಿ ಗೊತ್ತುಮಾಡಿದವರುಂಟು. ಆಕಾಶವನ್ನೂ ಪಾಲು ಮಾಡಿಕೊಳ್ಳುವ ಸಂದರ್ಭ ಒದಗೀತೆಂದು ಹಳಬರು ಯಾರೂ ಎಣಿಸಿರಲಿಕ್ಕಿಲ್ಲ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಡೆದದ್ದು ಅದೇ. ಹಡಗಿನ ನಿಸ್ತಂತು ಸುದ್ದಿ, ಬಾನುಲಿಯ ಗಾಯನ, ದೂರದರ್ಶನದ ಚಿತ್ರ, ಇಂದು ಅಂಗೈಯ ಮೊಬೈಲಿಗೆ ಬಂದಿಳಿಯುವ ಅಂತರ್ಜಾಲ, ಇವೆಲ್ಲ ಸಂಚರಿಸುವುದು ವಿದ್ಯುತ್ಕಾಂತ ತರಂಗಗಳ ಒಂದೇ ಹರವಿನಲ್ಲಿ. ಆ ಹರವಿನ ಯಾವ ಪಟ್ಟಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ಬೆಲೆಗೆ ಸಲ್ಲಬೇಕು? ಪತ್ರಿಕೆಗಳು ತರಂಗಗುಚ್ಛದ ಹಂಚಿಕೆ ಎಂದು ಕರೆಯುವುದು ಈ ಪ್ರಶ್ನೆಯನ್ನೇ.

ಇದನ್ನು ಅರಿಯಲು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಸೋಂದೆಯ ಸ್ವರ್ಣವಲ್ಲಿ ಮಠದ ಆಸುಪಾಸಿನಿಂದ ತೊಡಗಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರೆಗೆ ಹಬ್ಬಿದ ಈ ನಾಡಿನಲ್ಲಿ ಅಡಕೆ ತೋಟವೆಂಬುದು ಗುಡ್ಡಗಳ ನಡುವಣ ತಗ್ಗಿನಲ್ಲಿದೆ. ತೋಟದ ಮಗ್ಗುಲಲ್ಲಿ ಮನೆ. ಮನೆಯ ಮೇಲ್ಗಡೆ ಸೊಪ್ಪಿನಬೆಟ್ಟ. ತೋಟಕ್ಕೂ ಕೊಟ್ಟಿಗೆಗೂ ಬೇಕಾಗುವ ಹಸಿರು ಸೊಪ್ಪನ್ನು, ದರಕು ಎನ್ನುವ ಒಣ ಎಲೆಯನ್ನು ತರುವುದಕ್ಕಾಗಿ, ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಆಳಿಕೆಯ ಕಾಲದಿಂದ ಇಲ್ಲಿ ನಡೆದು ಬಂದಿದೆ. ಬೆಟ್ಟದ ಉಪಯೋಗ ರೈತನದು, ಒಡೆತನ ಸರಕಾರದ್ದು. ಸೊಪ್ಪನ್ನು ತರಬಹುದು, ಬೆಟ್ಟವನ್ನು ತೋಟದಿಂದ ಬೇರ್ಪಡಿಸಿ ಸ್ವಂತ ಆಸ್ತಿಯಂತೆ ಮಾರುವಂತಿಲ್ಲ. ತೋಟ ಎಷ್ಟೋ ಹಕ್ಕೂ ಅಷ್ಟೇ. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಆಕಾಶದ ಹಂಚಿಕೆಯ ಚರಿತ್ರೆಯನ್ನು ನೋಡೋಣ.

ಜರ್ಮನಿಯ ಹೈನ್ರಿಷ್ ಹರ್ಟ್ಸ್ ಈ ತರಂಗಗಳನ್ನು ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟದ್ದು 1888ರ ಸುಮಾರಿಗೆ. ಅದಾದ ಕೆಲವೇ ವರ್ಷಗಳಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ, ಅವುಗಳ ನೆರವಿನಿಂದ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ತೋರಿಸಿದರು. ಆಗ ಹಂಚಿಕೆಯ ಮಾತೇ ಇರಲಿಲ್ಲ. ಕಿಡಿ ಹಾರಿಸಿ ಸುದ್ದಿ ಕಳಿಸುವ ಅಂದಿನ ಯಂತ್ರಗಳು ಆಕಾಶವನ್ನೆಲ್ಲ ಕಲಕುತ್ತಿದ್ದವು. ಒಬ್ಬ ನುಡಿದರೆ ನೆರೆಯವರಿಗೆ ಮತ್ತೇನೂ ಕೇಳಿಸದು. 1906ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ರಾಷ್ಟ್ರಗಳು ಹಡಗುಗಳ ವ್ಯವಹಾರಕ್ಕೆ 300 ಮತ್ತು 600 ಮೀಟರ್ ಅಲೆಗಳನ್ನು ಗೊತ್ತುಮಾಡಿದವು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದ ಮೇಲೆ, ಪರವಾನಿಗೆಯಿಲ್ಲದೆ ಯಾರೂ ತರಂಗ ಪ್ರಸಾರ ಮಾಡಕೂಡದೆಂದು ಅಮೆರಿಕೆ ಅದೇ ವರ್ಷ ಕಾನೂನು ಮಾಡಿತು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹಡಗಿಗಿಷ್ಟು, ಬಾನುಲಿಗಿಷ್ಟು, ಹವ್ಯಾಸಿಗಳಿಗಿಷ್ಟು ಎಂದು ಮೊತ್ತಮೊದಲ ವಿಸ್ತಾರವಾದ ಹಂಚಿಕೆಯ ಕೋಷ್ಟಕ ಸಿದ್ಧವಾಯಿತು. ಆಕಾಶದ ಮೊದಲ ಸರ್ವೆ ಎಂದು ಇದನ್ನು ಕರೆದರೆ ತಪ್ಪಾಗದು. ಭಾರತದಲ್ಲಿ 1933ರ ನಿಸ್ತಂತು ತಂತಿ ಕಾನೂನು ಪರವಾನಿಗೆಯಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಅಂಚೆಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ರೇಡಿಯೋ ಪರವಾನಿಗೆಯನ್ನು ಹೊಸದು ಮಾಡಿಸಿಕೊಳ್ಳುವ ಪದ್ಧತಿ 1980ರ ದಶಕದವರೆಗೂ ಉಳಿದಿದ್ದುದನ್ನು ಹಿರಿಯರು ಬಲ್ಲರು.

ಕನ್ನಡನಾಡು ಆಕಾಶದಲ್ಲಿ ತನ್ನ ಪಾಲನ್ನು ಪಡೆದ ಬಗೆಯೂ ಸ್ವಾರಸ್ಯವಾಗಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ನಿಲಯವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಅದರ ಹೆಸರು ಮುಂದೆ ದೇಶದ ಬಾನುಲಿಗೇ ಸಂದಿತು. ಧಾರವಾಡ ನಿಲಯ 1950ರ ಜನವರಿ 8ರಂದು ಪ್ರಾರಂಭವಾಯಿತು. ಮುಂದೆ ಅದಕ್ಕೆ ದೊರೆತ ಕಂಪನಸಂಖ್ಯೆ 765 ಕಿಲೋಹರ್ಟ್ಸ್. ಬೆಂಗಳೂರಿನದು 612, ಭದ್ರಾವತಿಯದು 675. ಈ ಮೂರು ಸಂಖ್ಯೆಗಳೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಇದು ಆಕಸ್ಮಿಕವಲ್ಲ. ಯುರೋಪು, ಆಫ್ರಿಕ, ಏಷ್ಯಗಳ ಮಧ್ಯಮ ತರಂಗ ನಿಲಯಗಳು ಒಂದರ ಮೇಲೊಂದು ಬೀಳದಂತೆ ಒಂಬತ್ತು ಒಂಬತ್ತು ಕಿಲೋಹರ್ಟ್ಸಿನ ಮೆಟ್ಟಿಲು ಕಟ್ಟಬೇಕೆಂದು 1975ರಲ್ಲಿ ಜಿನೀವಾದ ಸಮ್ಮೇಳನ ನಿರ್ಧರಿಸಿತು. 1978ರ ನವೆಂಬರ್ 23ರಿಂದ ಆ ಏರ್ಪಾಡು ಜಾರಿಗೆ ಬಂದಿತು. ಶಿರಸಿಯ ಜಗಲಿಯ ಮೇಲೆ ರೇಡಿಯೋದ ಮುಳ್ಳು ನಿಲ್ಲಬೇಕಾದ ಸ್ಥಳ ಜಿನೀವಾದಲ್ಲಿ ಗೊತ್ತಾಗಿತ್ತು.

765 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟು ನೀಳವಾದ ಅಲೆ ನೆಲವನ್ನು ಅನುಸರಿಸಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ಧಾರವಾಡದ ಒಂದು ಕಂಬದ ದನಿ ಸುಮಾರು ನೂರು ಕಿಲೋಮೀಟರ್ ದೂರದ ಅಡಕೆ ತೋಟದ ತಗ್ಗಿಗೂ ಇಳಿಯುತ್ತಿದ್ದುದು ಇದರಿಂದ. ಅಲೆ ಗಿಡ್ಡವಾದಂತೆಲ್ಲ ಈ ಗುಣ ಕುಗ್ಗುತ್ತ ಬರುತ್ತದೆ. ಆದರೆ ಗಿಡ್ಡ ಅಲೆಗಳ ವಲಯದಲ್ಲಿ ಅಗಲವಾದ ಪಟ್ಟಿಗಳು ದೊರೆಯುತ್ತವೆ; ಪಟ್ಟಿ ಅಗಲವಾದಷ್ಟೂ ಅದು ಹೊರುವ ಮಾಹಿತಿ ಹೆಚ್ಚು. ದೂರ ಸಾಗುವ ಅಲೆ ಹೆಚ್ಚು ಹೊರಲಾರದು, ಹೆಚ್ಚು ಹೊರುವ ಅಲೆ ದೂರ ಸಾಗದು. ಮೊಬೈಲ್ ಸೇವೆಯ ಸಮಸ್ಯೆಗೆಲ್ಲ ಮೂಲ ಇಲ್ಲಿದೆ.

ಭಾರತದಲ್ಲಿ ಮೊಬೈಲಿನ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು. ಅದೇ ವರ್ಷದ ಫೆಬ್ರುವರಿ 9ರಂದು, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಸಾರ್ವಜನಿಕ ಸ್ವತ್ತನ್ನು ಹಂಚುವುದು ಹೇಗೆ? 2008ರ ಜನವರಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಹಳೆಯ ಬೆಲೆಗೆ ಕೊಟ್ಟ 122 ಪರವಾನಿಗೆಗಳನ್ನು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರುವರಿ 2ರಂದು ರದ್ದುಗೊಳಿಸಿತು. ಆ ಹಂಚಿಕೆಯ ಕ್ರಿಮಿನಲ್ ಮೊಕದ್ದಮೆಯ ಆರೋಪಿಗಳು 2017ರಲ್ಲಿ ವಿಚಾರಣಾ ನ್ಯಾಯಾಲಯದಿಂದ ಬಿಡುಗಡೆ ಹೊಂದಿದರು. ಅಂತೂ ಹರಾಜು ಕಟ್ಟಳೆಯಾಯಿತು. ಮುಚ್ಚಿದ ಬಾಗಿಲ ಹಿಂದೆ ನಡೆಯಬಹುದಾದ್ದನ್ನು ಬಯಲಿಗೆ ತಂದದ್ದು ಹರಾಜಿನ ದೊಡ್ಡ ಗುಣ. ಆದರೆ 2012ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುವಾಗ ಅದೇ ನ್ಯಾಯಾಲಯ, ನಿಸರ್ಗದ ಸಂಪತ್ತನ್ನೆಲ್ಲ ಹರಾಜಿನಿಂದಲೇ ಹಂಚಬೇಕೆಂಬ ಸಂವಿಧಾನದ ವಿಧಿಯಿಲ್ಲ, ಬೊಕ್ಕಸ ತುಂಬುವುದೊಂದೇ ಲೋಕಹಿತವಲ್ಲ ಎಂಬ ಆಶಯವನ್ನೂ ವ್ಯಕ್ತಪಡಿಸಿತು. ಈ ಎರಡನೆಯ ಮಾತು ಮೊದಲನೆಯದರಷ್ಟು ಜನರ ಕಿವಿಗೆ ಬೀಳಲಿಲ್ಲ.

ಅದು ಬೀಳದೆ ಹೋದುದರ ಫಲವನ್ನು 700 ಮೆಗಾಹರ್ಟ್ಸ್ ಪಟ್ಟಿಯ ಕಥೆಯಲ್ಲಿ ಕಾಣಬಹುದು. ಹಿಂದೆ ಇದು ದೂರದರ್ಶನ ಪ್ರಸಾರಕ್ಕೆಂದು ಮೀಸಲಾಗಿದ್ದ ಹರವಿಗೆ ಸೇರಿತ್ತು. 2007ರ ಜಿನೀವಾ ಸಮ್ಮೇಳನ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಇದನ್ನು ಮೊಬೈಲ್ ಅಂತರ್ಜಾಲಕ್ಕೆ ಗುರುತಿಸಿತು. ಇದರ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. ಮೊಬೈಲಿಗೆ ಬಳಕೆಯಾಗುವ ಅಲೆಗಳಲ್ಲಿ ನೀಳವಾದ ಗುಂಪಿಗೆ ಸೇರಿದ್ದು. ಮರದ ಹಸಿ ಎಲೆಗಳ ನಡುವೆ ನುಸುಳಿ, ಮನೆಯ ಗೋಡೆಯನ್ನು ದಾಟಿ ಒಳಕ್ಕೆ ಬರುವ ಶಕ್ತಿ ಇದಕ್ಕೆ ಹೆಚ್ಚು. ಮಲೆನಾಡಿಗೆಂದೇ ಮಾಡಿದಂತಿರುವ ಈ ಪಟ್ಟಿಗೆ 2016ರಲ್ಲಿ ಸರಕಾರ ಇಟ್ಟ ಕನಿಷ್ಠ ಬೆಲೆ ಮೆಗಾಹರ್ಟ್ಸ್ ಒಂದಕ್ಕೆ 11,485 ಕೋಟಿ ರೂಪಾಯಿ. ಕೊಳ್ಳುವವರೇ ಬರಲಿಲ್ಲ. 2021ರಲ್ಲಿ ಬೆಲೆಯನ್ನು 6,568 ಕೋಟಿಗೆ ಇಳಿಸಿದರು, ಆಗಲೂ ಬರಲಿಲ್ಲ. 2022ರಲ್ಲಿ 3,927 ಕೋಟಿಗೆ ಇಳಿದ ಮೇಲೆ ಒಂದೇ ಒಂದು ಖಾಸಗಿ ಸಂಸ್ಥೆ ಮುಂದೆ ಬಂದು 10 ಮೆಗಾಹರ್ಟ್ಸ್ ಕೊಂಡಿತು. ಬಿಎಸ್ಸೆನ್ನೆಲ್ಲಿಗೆ ಇದೇ ಪಟ್ಟಿಯ ಪಾಲನ್ನು ಕೇಂದ್ರ ಸಂಪುಟ ಒಪ್ಪಿದ್ದು 2023ರ ಜೂನಿನಲ್ಲಿ. ತರಂಗವು ಅಡಕೆಯಂತೆ ಅಟ್ಟದ ಮೇಲೆ ಇಟ್ಟು, ದರ ಏರಿದಾಗ ಮಾರುವ ಪದಾರ್ಥವಲ್ಲ. ಬಳಸದೆ ಬಿಟ್ಟ ಒಂದು ವರ್ಷದ ತರಂಗ ಮರುವರ್ಷಕ್ಕೆ ಕೂಡಿ ಬರುವುದಿಲ್ಲ; ಅದು ಹೋದದ್ದು ಹೋದಂತೆಯೇ.

ಆ ಪಟ್ಟಿ ಬೀಳುಬಿದ್ದಿದ್ದ ಅವಧಿಯಲ್ಲೇ 2020 ಬಂತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ, ಪಾಠ ಮೊಬೈಲಿಗೆ ಬಂದಾಗ, ಈ ಸೀಮೆಯ ಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಯನ್ನು ಹುಡುಕಿ, ಅಲ್ಲಿ ಗುಡಿಸಲು ಹಾಕಿಕೊಂಡು ಓದಿದರು. ಸೊಪ್ಪಿಗೆಂದು ಹಿರಿಯರು ಹತ್ತಿದ ಬೆಟ್ಟವನ್ನು ಮಕ್ಕಳು ಪಾಠಕ್ಕೆಂದು ಹತ್ತಬೇಕಾಯಿತು. ಇದಕ್ಕೆ ತರಂಗದ ಹಂಚಿಕೆಯೊಂದೇ ಕಾರಣವೆನ್ನುವುದು ಸರಿಯಾಗದು. ದೂರದೂರದ ಒಂಟಿ ಮನೆಗಳು, ಮಳೆಗಾಲದಲ್ಲಿ ಕೈಕೊಡುವ ವಿದ್ಯುತ್ತು, ಅರಣ್ಯಭೂಮಿಯಲ್ಲಿ ಗೋಪುರ ನಿಲ್ಲಿಸಲು ಬೇಕಾದ ಅನುಮತಿ, ಇವೂ ಕಾರಣಗಳು. ಆದರೆ ಅಲೆ ದೂರ ಸಾಗುವುದಾದರೆ ಗೋಪುರಗಳು ಕಡಿಮೆ ಸಾಕು. ಗೋಪುರ ಕಡಿಮೆಯಾದರೆ ಕಾಡಿಗೂ ಖರ್ಚಿಗೂ ಹಗುರ. ದೇಶದಲ್ಲಿ ಸೇವೆ ಮುಟ್ಟದ 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸರಕಾರ 2022ರ ಜುಲೈನಲ್ಲಿ ಒಪ್ಪಿತು. ಅದೇ ವಾರದಲ್ಲಿ ತೊಡಗಿದ ಹರಾಜಿನಿಂದ ಒಂದೂವರೆ ಲಕ್ಷ ಕೋಟಿ ರೂಪಾಯಿಗಳ ಬಿಡ್ಡು ಬಂದಿತು. ಆಕಾಶವನ್ನು ಒಂದು ಕೈಯಿಂದ ಮಾರಿ, ಅದು ಮುಟ್ಟದ ಊರುಗಳಿಗೆ ಇನ್ನೊಂದು ಕೈಯಿಂದ ಪರಿಹಾರ ಕೊಡುವ ಈ ಕ್ರಮಕ್ಕಿಂತ, ಮಾರುವ ಹೊತ್ತಿನಲ್ಲೇ ಊರನ್ನು ನೆನೆಯುವುದು ಮೇಲಲ್ಲವೆ?

ಸೊಪ್ಪಿನಬೆಟ್ಟದ ನಿಯಮ ಹೇಳುವುದು ಅದನ್ನೇ. ತೋಟವಿಲ್ಲದವನಿಗೆ ಬೆಟ್ಟವಿಲ್ಲ. ನೀಳ ಅಲೆಗಳ ಹಕ್ಕು ಪಡೆದವರು ತಗ್ಗಿನ ಮನೆಯನ್ನು ಮುಟ್ಟಬೇಕು. ಮುಟ್ಟುವುದಾದರೆ ಬೆಲೆಯಲ್ಲಿ ರಿಯಾಯಿತಿ ಇರಲಿ, ಮುಟ್ಟದಿದ್ದರೆ ಆ ಸೀಮೆಯ ಮಟ್ಟಿಗೆ ಹಕ್ಕು ಮರಳಿ ಬರಲಿ. ಸೇವೆ ವಿಸ್ತರಿಸಬೇಕೆಂಬ ಕರಾರು ಹರಾಜಿನ ಷರತ್ತುಗಳಲ್ಲಿ ಇಲ್ಲದಿಲ್ಲ. ಆ ಕರಾರನ್ನು ಅಳೆಯುವ ಕೋಲು ಪೇಟೆಯ ಜನಸಂಖ್ಯೆಯಾಗದೆ ಕಣಿವೆಯ ಕಟ್ಟಕಡೆಯ ಮನೆಯಾಗಬೇಕೆಂಬುದಷ್ಟೆ ಇಲ್ಲಿನ ವಾದ.

ಐದನೆಯ ತಲೆಮಾರಿನ ಸೇವೆಗೆಂದು 2022ರಲ್ಲಿ ಬಿಕರಿಯಾದ ಪಟ್ಟಿಗಳಲ್ಲಿ ಮುಖ್ಯವಾದ ಎರಡರ ಅಲೆಗಳು ಒಂಬತ್ತು ಸೆಂಟಿಮೀಟರ್ ಮತ್ತು ಒಂದು ಸೆಂಟಿಮೀಟರಿಗೆ ತುಸು ಮೇಲೆ. ಬೋಸರ ಮಿಲಿಮೀಟರ್ ಅಲೆಗಳ ನೆರೆಗೆ ಮೊಬೈಲು ಬಂದು ನಿಂತಿದೆ. ಇವು ಪೇಟೆಯ ಬೀದಿಯಲ್ಲಿ ಅದ್ಭುತವನ್ನು ಮಾಡಬಲ್ಲವು. ಮಳೆಯಲ್ಲಿ ನೆನೆದ ಕಾಡಿನ ಅಂಚಿನಲ್ಲಿ ಸೋಲುತ್ತವೆ. ಆರನೆಯ ತಲೆಮಾರಿಗೆ ಬೇಕಾದ ಪಟ್ಟಿಗಳ ವಿಚಾರ 2027ರಲ್ಲಿ ಶಾಂಘೈಯಲ್ಲಿ ಸೇರಬೇಕಾಗಿರುವ ಜಾಗತಿಕ ಸಮ್ಮೇಳನದ ಮುಂದೆ ಬರಲಿದೆ. ಅಲ್ಲಿ ಪರಿಶೀಲನೆಗೆ ಬರುವ ಪಟ್ಟಿಗಳಲ್ಲಿ ಏಳೆಂಟು ಸೆಂಟಿಮೀಟರಿಗಿಂತ ನೀಳವಾದ ಅಲೆ ಒಂದೂ ಇಲ್ಲ. ಧಾರವಾಡದ ಸಂಖ್ಯೆಯನ್ನು ಜಿನೀವಾ ಗೊತ್ತುಮಾಡಿದಂತೆ, ಯಲ್ಲಾಪುರದ ಕಣಿವೆಗೆ ಯಾವ ಅಲೆ ಇಳಿದೀತೆಂಬುದರ ಒಂದಂಶ ಶಾಂಘೈಯಲ್ಲಿ ಗೊತ್ತಾಗಲಿದೆ. ಉಳಿದ ಅಂಶ ದಿಲ್ಲಿಯದು; ಅಲ್ಲಿ ಬೆಲೆ ಕಟ್ಟುವವರಿಗೆ ತಗ್ಗಿನ ಮನೆಯ ಸಂಗತಿಯನ್ನು ತಿಳಿಸಿ ಹೇಳುವ ಕೆಲಸ ನಮ್ಮದು.