ಎಣ್ಣೆಯ ಸೇರು, ಎಣ್ಣೆಯ ಲೀಟರು

ಪಡುವಣಕ್ಕೆ ಅರಬ್ಬೀ ಸಮುದ್ರ, ಪಕ್ಕದಲ್ಲಿ ಪಂಚಗಂಗಾವಳಿಯ ಅಳಿವೆ, ನಡುವಿನ ಮರಳುನೆಲದಲ್ಲಿ ತೆಂಗು. ಇಂತಹ ಕೋಡಿಯಲ್ಲಿ ಎಣ್ಣೆಯೆಂದರೆ ಮೊದಲು ನೆನಪಾಗುವುದು ತೆಂಗಿನೆಣ್ಣೆ. ಅದನ್ನು ಅಳೆದು ಕೊಳ್ಳಬೇಕೆ, ತೂಗಿ ಕೊಳ್ಳಬೇಕೆ ಎಂಬ ಪ್ರಶ್ನೆಗೆ ಒಂದು ಚಿಕ್ಕ ಇತಿಹಾಸವೇ ಇದೆ.

ಕುಂದಾಪುರವು ಮದ್ರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ ಹಾಲು, ಎಣ್ಣೆಗಳಿಗೆ ಕುಡ್ತೆ, ಪಾವು, ಸೇರು ಮುಂತಾದ ಅಳತೆಗಳಿದ್ದವು. ತೊಡಕೆಂದರೆ, ‘ಸೇರು’ ಎಂಬ ಒಂದೇ ಹೆಸರು ಪಾತ್ರೆಯ ಅಳತೆಗೂ ಇತ್ತು, ತಕ್ಕಡಿಯ ತೂಕಕ್ಕೂ ಇತ್ತು. ತೂಕದಲ್ಲಿಯೂ ಏಕರೂಪತೆ ಇರಲಿಲ್ಲ. ಮದ್ರಾಸಿನ ಸೇರು 24 ತೊಲೆ, ಎಂದರೆ ಸುಮಾರು 280 ಗ್ರಾಂ. ಬಂಗಾಳದ ಸೇರು 80 ತೊಲೆ, ಎಂದರೆ ಸುಮಾರು 933 ಗ್ರಾಂ. ಊರು ಬದಲಾದರೆ ಸೇರೂ ಬದಲಾಗುತ್ತಿತ್ತು. ಲೆಕ್ಕ ಬಾರದವರೇ ನಷ್ಟ ಅನುಭವಿಸುತ್ತಿದ್ದರು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೊಂಡು, 1962ರ ಏಪ್ರಿಲ್ ವೇಳೆಗೆ ದೇಶದಾದ್ಯಂತ ಕಡ್ಡಾಯವಾದವು. ಅಂದಿನಿಂದ ತೂಕಕ್ಕೆ ಕಿಲೋಗ್ರಾಂ, ದ್ರವದ ಅಳತೆಗೆ ಲೀಟರು ಎಂದು ಎರಡು ಹೆಸರುಗಳು ಬೇರ್ಪಟ್ಟವು.

ಹೆಸರು ಬೇರೆಯಾದರೂ ಜನರ ಮನಸ್ಸಿನಲ್ಲಿ ಅವೆರಡೂ ಒಂದೇ ಆಗಿ ಉಳಿದವು. ಕಾರಣ ನೀರು. ಒಂದು ಲೀಟರು ನೀರಿನ ತೂಕ ಹೆಚ್ಚುಕಡಿಮೆ ಒಂದು ಕಿಲೋ. ಎಣ್ಣೆ ನೀರಿಗಿಂತ ಹಗುರ. ಆದ್ದರಿಂದಲೇ ಅದು ನೀರಿನ ಮೇಲೆ ತೇಲುತ್ತದೆ. ಒಂದು ಲೀಟರು ತೆಂಗಿನೆಣ್ಣೆಯ ತೂಕ ಸುಮಾರು 920 ಗ್ರಾಂ. ಶೇಂಗಾ ಎಣ್ಣೆಯದು ಸುಮಾರು 910 ಗ್ರಾಂ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 1,087 ಮಿಲಿಲೀಟರು ಹಿಡಿಯುವ ಪಾತ್ರೆ ಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೋಟೆಲು ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪೇಟೆಯಲ್ಲಿ 15 ಕಿಲೋ ಡಬ್ಬವೂ ಇದೆ, 15 ಲೀಟರು ಡಬ್ಬವೂ ಇದೆ. 15 ಲೀಟರಿನದರಲ್ಲಿ ಇರುವುದು ಸುಮಾರು 13.8 ಕಿಲೋ. ಲೀಟರಿನ ಬೆಲೆಯನ್ನು 0.92ರಿಂದ ಭಾಗಿಸಿದರೆ ಕಿಲೋದ ಬೆಲೆ ದೊರೆಯುತ್ತದೆ: ಲೀಟರಿಗೆ 460 ರೂಪಾಯಿಯಾದರೆ ಕಿಲೋಗೆ 500. ಲೀಟರಿನ ಬೆಲೆಯನ್ನೂ ಕಿಲೋದ ಬೆಲೆಯನ್ನೂ ನೇರವಾಗಿ ಹೋಲಿಸಿದವನು ಮೋಸಹೋದಂತೆಯೇ.

ಇನ್ನೊಂದು ಸೂಕ್ಷ್ಮವಿದೆ. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ; ತೂಕ ಮಾತ್ರ ಬದಲಾಗದು. ಹೆಚ್ಚಿನ ಉಷ್ಣಾಂಶವನ್ನು ಲೇಬಲಿನಲ್ಲಿ ನಮೂದಿಸಿ, ಕಡಿಮೆ ತೂಕದ ಎಣ್ಣೆಯನ್ನೇ ‘ಒಂದು ಲೀಟರು’ ಎನ್ನಲು ಇದರಿಂದ ಅವಕಾಶವಿತ್ತು. ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 893 ಗ್ರಾಂ ಮಾತ್ರ. 2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು, ಉಷ್ಣಾಂಶದ ನೆಪವಿಲ್ಲದೆ ಅಳತೆಯೊಡನೆ ಸರಿಯಾದ ತೂಕವನ್ನೂ ನಮೂದಿಸುವಂತೆ ತಯಾರಕರಿಗೆ ಸೂಚಿಸಿ, ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಕಾಲಾವಕಾಶ ನೀಡಿತು.

ಆದುದರಿಂದ ಎಣ್ಣೆ ಕೊಳ್ಳುವಾಗ ಲೀಟರಿನ ದೊಡ್ಡ ಅಕ್ಷರದ ಬಳಿಯ ಗ್ರಾಂಗಳ ಚಿಕ್ಕ ಅಕ್ಷರವನ್ನೂ ಓದಿರಿ. ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲೋ ಅಜ್ಜಿಯ ಉಪ್ಪಿನಕಾಯಿಯ ಚೀಟಿಯಲ್ಲೋ ‘ಎಣ್ಣೆ ಒಂದು ಸೇರು’ ಎಂದು ಕಂಡರೆ, ಅದು ಅಳತೆಯ ಸೇರೋ ತೂಕದ ಸೇರೋ, ತೂಕವಾದರೆ ಎಷ್ಟು ತೊಲೆಯದು ಎಂದು ಹಿರಿಯರಲ್ಲಿ ವಿಚಾರಿಸಿಕೊಳ್ಳಿ. ಅದನ್ನು ಬಲ್ಲವರು ಈಗ ವಿರಳರಾಗುತ್ತಿದ್ದಾರೆ.