ಫಿಲ್ಟರ್ ಯಾವ ತುದಿಗೆ?

1871ರ ಡಿಸೆಂಬರ್ 12ರಂದು ಖಗ್ರಾಸ ಸೂರ್ಯಗ್ರಹಣ ವೀಕ್ಷಿಸಲು ಇಂಗ್ಲೆಂಡಿನ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಅವರ ತಂಡ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಬೀಡುಬಿಟ್ಟಿತ್ತು. 148 ವರ್ಷಗಳ ನಂತರ, 2019ರ ಡಿಸೆಂಬರ್ 26ರಂದು, ಅದೇ ಕರಾವಳಿಯ ಮೇಲೆ ಕಂಕಣ ಗ್ರಹಣದ ಪಥ ಹಾದುಹೋಯಿತು. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಖಗ್ರಾಸದಲ್ಲಿ ಸೂರ್ಯಬಿಂಬ ಪೂರ್ತಿ ಮರೆಯಾದ ಆ ಕೆಲವು ನಿಮಿಷ ಮಾತ್ರ ಫಿಲ್ಟರ್ ಬೇಡ. ಕಂಕಣ ಗ್ರಹಣದಲ್ಲಿ ಅದನ್ನು ತೆಗೆಯಬಹುದಾದ ಒಂದು ಕ್ಷಣವೂ ಇಲ್ಲ. ಅಂದು ಯಲಹಂಕ, ಹೆಬ್ಬಾಳದಲ್ಲಿದ್ದವರಿಗೆ ಬಿಂಬದ ಸುಮಾರು ಶೇಕಡ 90 ಭಾಗ ಮರೆಯಾಗಿತ್ತು. ಆದರೆ ಉಳಿದ ಭಾಗದ ಮೇಲ್ಮೈ ಪ್ರಖರತೆ ಎಂದಿನಷ್ಟೇ ಇತ್ತು. ಕಣ್ಣಿಗೆ ಅಪಾಯವೂ ಅಷ್ಟೇ.

ಈ ಅಪಾಯದಿಂದ ಪಾರಾಗುವ ಉಪಾಯಗಳಿಗೆ ನಾಲ್ಕು ಶತಮಾನಗಳ ಇತಿಹಾಸವಿದೆ. 1612ರ ವೇಳೆಗೆ ಗೆಲಿಲಿಯೋ ತನ್ನ ಶಿಷ್ಯ ಕ್ಯಾಸ್ಟೆಲ್ಲಿ ಸೂಚಿಸಿದಂತೆ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಲೆಗಳನ್ನು ಗುರುತಿಸುತ್ತಿದ್ದ. ಅದೇ ಕಾಲದ ಶೈನರ್ ಬಣ್ಣದ ಗಾಜುಗಳನ್ನೂ ಬಳಸಿದ. 1800ರಲ್ಲಿ ವಿಲಿಯಂ ಹರ್ಷೆಲ್ ಇಂಥ ಗಾಜುಗಳನ್ನು ಪರೀಕ್ಷಿಸುವಾಗ ಒಂದು ವಿಚಿತ್ರ ಕಂಡ. ಕೆಲವು ಗಾಜುಗಳಲ್ಲಿ ಬೆಳಕು ಮಂದವಾಗಿದ್ದರೂ ಶಾಖ ತಟ್ಟುತ್ತಿತ್ತು. ಈ ಜಾಡು ಹಿಡಿದು ನಡೆಸಿದ ಪ್ರಯೋಗಗಳಿಂದ ಅವಕೆಂಪು ವಿಕಿರಣ ಪತ್ತೆಯಾಯಿತು. ಕಣ್ಣಿಗೆ ಕಪ್ಪಾಗಿ ಕಂಡದ್ದೆಲ್ಲ ಸುರಕ್ಷಿತವಲ್ಲ ಎಂಬ ಪಾಠವೂ ಇದರಲ್ಲಿದೆ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಫಿಲ್ಮ್‌ಗಳನ್ನು ಬಳಸಬಾರದು ಎನ್ನುವುದು ಇದಕ್ಕಾಗಿಯೇ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಆ ಹೊತ್ತಿನಲ್ಲಿ ತಿಳಿಯುವುದೇ ಇಲ್ಲ.

ಇಪ್ಪತ್ತನೆಯ ಶತಮಾನದ ಅನೇಕ ಸಣ್ಣ ದೂರದರ್ಶಕಗಳ ಜೊತೆ ನೇತ್ರಕಕ್ಕೆ ತಿರುಗಿಸಿ ಹಾಕುವ ಕಪ್ಪು ಗಾಜು ಬರುತ್ತಿತ್ತು. ಅದರ ದೋಷವನ್ನು ಲೆಕ್ಕ ಹಾಕಿ ನೋಡಿ. 100 ಮಿ.ಮೀ. ವ್ಯಾಸದ ವಸ್ತುಕ ಮಸೂರ ಸುಮಾರು 8 ವಾಟ್ ಸೌರಶಕ್ತಿಯನ್ನು ಸಂಗ್ರಹಿಸುತ್ತದೆ. ಸಂಗಮದೂರ 1 ಮೀಟರ್ ಆದರೆ ಆ ಶಕ್ತಿಯೆಲ್ಲ ಸುಮಾರು 9 ಮಿ.ಮೀ. ಅಗಲದ ಬಿಂಬದಲ್ಲಿ ಸೇರುತ್ತದೆ. ಅಂದರೆ ತೀವ್ರತೆ ನೂರು ಪಟ್ಟಿಗೂ ಹೆಚ್ಚು. ಆ ಕಾವಿಗೆ ಗಾಜು ಥಟ್ಟನೆ ಸೀಳಬಹುದು. ಕಣ್ಣು ತೆಗೆಯಲು ಸಮಯವಿರುವುದಿಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ದೂರದರ್ಶಕದಲ್ಲಿ ನೋಡುವುದೂ ಇಷ್ಟೇ ಅಪಾಯಕರ.

ಪರಿಹಾರ ಸರಳ: ಬೆಳಕು ಒಳಬರುವ ತುದಿಯಲ್ಲೇ, ವಸ್ತುಕದ ಮುಂದೆಯೇ ಫಿಲ್ಟರ್ ಇರಬೇಕು. ಲೋಹ ಲೇಪಿಸಿದ ಗಾಜು ಅಥವಾ ತೆಳು ಹಾಳೆ ಈಗ ಸಿಗುತ್ತದೆ. ಕಣ್ಣಿನ ವೀಕ್ಷಣೆಗೆ ಪ್ರಕಾಶ ಸಾಂದ್ರತೆ 5 ಇರುವುದನ್ನೇ ಆರಿಸಿ. ಅದು ಬೆಳಕಿನ ಲಕ್ಷದಲ್ಲಿ ಒಂದು ಭಾಗವನ್ನಷ್ಟೇ ಬಿಡುತ್ತದೆ. 3.8ರ ಹಾಳೆ ಛಾಯಾಗ್ರಹಣಕ್ಕೆ ಮಾತ್ರ.

ಪ್ರತಿ ಸಲವೂ ಬಳಸುವ ಮೊದಲು ಫಿಲ್ಟರನ್ನು ಪ್ರಖರ ದೀಪಕ್ಕೆ ಹಿಡಿದು ಸೂಜಿರಂಧ್ರ, ಗೀರುಗಳಿವೆಯೇ ನೋಡಿ, ಇದ್ದರೆ ಎಸೆಯಿರಿ. ಹಾಳೆಯನ್ನು ಬಿಗಿಯಾಗಿ ಎಳೆಯದೆ ಚೌಕಟ್ಟಿಗೆ ಕೂಡಿಸಿ. ಚೌಕಟ್ಟು ಗಾಳಿಗೆ ಹಾರದಂತೆ, ಮಕ್ಕಳ ಕೈತಗುಲಿ ಕಳಚದಂತೆ ಅಂಟುಪಟ್ಟಿಯಿಂದ ಭದ್ರಪಡಿಸಿ. ಪಕ್ಕದ ಪುಟ್ಟ ಶೋಧಕ ದೂರದರ್ಶಕವನ್ನು ಬಿಚ್ಚಿಡಿ ಇಲ್ಲವೇ ಮುಚ್ಚಿಡಿ. ಇಷ್ಟಾದ ಮೇಲೆಯೇ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ. ಒಳ್ಳೆಯ ಫಿಲ್ಟರ್ ಸಿಗದ ಶಾಲೆಗೆ ಗೆಲಿಲಿಯೋನ ಕಾಗದವಿದೆ: ನೇತ್ರಕಕ್ಕೆ ಯಾರೂ ಕಣ್ಣಿಡದಂತೆ ಶಿಕ್ಷಕರು ಪಕ್ಕದಲ್ಲೇ ನಿಂತರೆ, ಇಡೀ ತರಗತಿ ಒಟ್ಟಿಗೆ ಸೂರ್ಯನ ಕಲೆಗಳನ್ನು ನೋಡಬಹುದು.